ಲೆಕ್ಕ ಬಂದರೆ ಅರ್ಥಶಾಸ್ತ್ರ ಬಂದ ಹಾಗಾ? ಇಂಜಿನಿಯರುಗಳಿಗೊಂದು ಪಾಠ



ಪ್ರತಿ ವರ್ಷ ಆಗಸ್ಟ್‌ನಲ್ಲಿ ಹೊಸ ವಿದ್ಯಾರ್ಥಿಗಳು ಅಮೆರಿಕಕ್ಕೆ ಬಂದಿಳಿಯುವ ಹೊತ್ತಿಗೆ ನಮ್ಮಂಥವರಿಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. "ನಾವು ಬಿ.ಇ. ಮಾಡಿದ್ದೀವಿ, ಗಣಿತ ಚೆನ್ನಾಗಿದೆ. ಅರ್ಥಶಾಸ್ತ್ರ, ಫೈನಾನ್ಸ್ ಓದೋದು ಸುಲಭ ಆಗತ್ತಾ?" ಅಂತ ಕೆಲವರು. "ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯ ಅಂತಿದೆ, ಅಲ್ಲಿ ಫೈನಾನ್ಸ್ ಓದಿದರೆ ಕೆಲಸ ಸಿಗತ್ತಾ?" ಅಂತ ಇನ್ನು ಕೆಲವರು. ಇಂಜಿನಿಯರಿಂಗ್ ಮುಗಿಸಿ ಇಂಥದ್ದೇ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಮತ್ತು ಹಣಕಾಸು ಓದುತ್ತಿರುವ ನಾವು, ಈ ಸಲದ ಸಂಚಿಕೆಯಲ್ಲಿ ಇದಕ್ಕೆ ಸ್ವಲ್ಪ ವಿವರವಾಗಿ ಉತ್ತರ ಕೊಡೋಣ ಅಂತ ಕೂತಿದ್ದೇವೆ. ಬರೀ ಸಲಹೆ ಕೊಟ್ಟರೆ ಉಪಯೋಗವಿಲ್ಲ. ಅದಕ್ಕೇ ಇದನ್ನು ಒಂದು ಪಾಠದ ಹಾಗೆ ಬರೆದಿದ್ದೇವೆ. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಂಡು ಓದಿದರೆ ಒಳ್ಳೆಯದು.

ಮೊದಲು, ಈ "ಆರ್ಟ್ಸ್" ಅಂದರೆ ಏನು?

ನಮ್ಮ ಕಡೆ ಎಸ್ಸೆಸ್ಸೆಲ್ಸಿ ಆದಮೇಲೆ ಸೈನ್ಸ್, ಕಾಮರ್ಸ್, ಆರ್ಟ್ಸ್ ಅಂತ ಮೂರು ದಾರಿ. ಮಾರ್ಕ್ಸ್ ಜಾಸ್ತಿ ಬಂದವರು ಸೈನ್ಸ್‌ಗೆ ಹೋಗಬೇಕು ಅನ್ನೋದು ಎಲ್ಲೂ ಬರೆದಿಲ್ಲದ ಕಾನೂನು. ಹಾಗಾಗಿ "ಲಿಬರಲ್ ಆರ್ಟ್ಸ್" ಅಂದ ತಕ್ಷಣ ಮನೆಯಲ್ಲಿ ಗಾಬರಿ ಬೀಳುತ್ತಾರೆ. ಆದರೆ ಈ ಹೆಸರಿಗೂ ನಮ್ಮ ಪಿಯುಸಿ ಆರ್ಟ್ಸ್‌ಗೂ ಸಂಬಂಧವಿಲ್ಲ. ಯುರೋಪಿನ ಮಧ್ಯಯುಗದ ವಿಶ್ವವಿದ್ಯಾಲಯಗಳಲ್ಲಿ ಏಳು ವಿದ್ಯೆಗಳನ್ನು ಹೀಗೆ ಕರೆಯುತ್ತಿದ್ದರು: ವ್ಯಾಕರಣ, ತರ್ಕ, ವಾಕ್ಚಾತುರ್ಯ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಏಳರಲ್ಲಿ ಅಂಕಗಣಿತ, ರೇಖಾಗಣಿತ ಎರಡೂ ಇವೆ ನೋಡಿ. ಗಣಿತವನ್ನು ಹೊರಗಿಟ್ಟ ಓದು ಇದು ಯಾವತ್ತೂ ಆಗಿರಲಿಲ್ಲ.

ಇವತ್ತು ಅಮೆರಿಕದಲ್ಲಿ ಈ ಮಾತಿನ ಅರ್ಥ ಇಷ್ಟು: ಒಂದೇ ಉದ್ಯೋಗಕ್ಕೆ ತರಬೇತಿ ಕೊಡುವ ಬದಲು, ಓದುವುದು, ಬರೆಯುವುದು, ವಾದ ಕಟ್ಟುವುದು, ಲೆಕ್ಕ ಹಾಕುವುದು ಎಲ್ಲವನ್ನೂ ಒಟ್ಟಿಗೆ ಕಲಿಸುವ ಪದ್ಧತಿ. ಇಂಥ ಕಡೆ ಫೈನಾನ್ಸ್ ಸಾಮಾನ್ಯವಾಗಿ ಅರ್ಥಶಾಸ್ತ್ರದ ಜೊತೆಗೇ ಬರುತ್ತದೆ. ತರಗತಿ ಚಿಕ್ಕದು. ಇಪ್ಪತ್ತು ಜನರಿರುವ ಕಡೆ ಕೊನೇ ಬೆಂಚು ಅಂತ ಒಂದು ಇರೋದೇ ಇಲ್ಲ. ವಾರಕ್ಕೊಂದು ಪ್ರಾಬ್ಲಂ ಸೆಟ್ ಜೊತೆಗೆ ಎರಡು ವಾರಕ್ಕೊಮ್ಮೆ ನಾಲ್ಕೈದು ಪುಟದ ಪ್ರಬಂಧವನ್ನೂ ಬರೆಯಬೇಕು.

ನಾಲ್ಕು ವರ್ಷ ವಿಟಿಯು ಪರೀಕ್ಷೆ ಬರೆದ ಕೈಗೆ ಪ್ರಾಬ್ಲಂ ಸೆಟ್ ಕಷ್ಟವಾಗುವುದಿಲ್ಲ. ಲಗ್ರಾಂಜ್ ಗುಣಕ, ಮ್ಯಾಟ್ರಿಕ್ಸ್, ಸಂಭವನೀಯತೆ ಎಲ್ಲಾ ಗೊತ್ತಿರುತ್ತದೆ. ಅಸಲಿ ಪಾಠ ಲೆಕ್ಕ ಮುಗಿದ ಮೇಲೆ ಶುರುವಾಗುತ್ತದೆ. ಅದೇನು ಅಂತ ತೋರಿಸಲು ನಮಗೆಲ್ಲ ಗೊತ್ತಿರುವ ಒಂದು ವಸ್ತುವನ್ನೇ ತೆಗೆದುಕೊಳ್ಳೋಣ.

ಒಂದು ಚೀಟಿ, ಮೂರು ತರಗತಿ

ಚೀಟಿ ವ್ಯವಹಾರ ನೋಡದ ಮನೆ ನಮ್ಮಲ್ಲಿ ಕಡಿಮೆ. ಇಪ್ಪತ್ತು ಜನ, ತಿಂಗಳಿಗೆ 5,000 ರೂಪಾಯಿ, ಇಪ್ಪತ್ತು ತಿಂಗಳು. ಅಂದರೆ ಒಂದು ಲಕ್ಷದ ಚೀಟಿ. ಮೊದಲ ತಿಂಗಳ ಹರಾಜಿನಲ್ಲಿ ಒಬ್ಬರಿಗೆ ತುರ್ತಾಗಿ ದುಡ್ಡು ಬೇಕು. 25,000 ಬಿಟ್ಟುಕೊಟ್ಟು 75,000ಕ್ಕೆ ಚೀಟಿ ಎತ್ತುತ್ತಾರೆ. ಬಿಟ್ಟ 25,000ದಲ್ಲಿ 5,000 ಚೀಟಿ ನಡೆಸುವವರ ಕಮಿಷನ್. ಉಳಿದ 20,000 ಇಪ್ಪತ್ತು ಜನರಿಗೆ ಹಂಚಿಕೆಯಾಗಿ ತಲಾ 1,000. ಹಾಗಾಗಿ ಆ ತಿಂಗಳು ಎಲ್ಲರೂ ಕಟ್ಟಬೇಕಾದದ್ದು 4,000 ಮಾತ್ರ.

ಫೈನಾನ್ಸ್ ತರಗತಿಯ ಪ್ರಶ್ನೆ: ಚೀಟಿ ಎತ್ತಿದವರು ಕೊಡುತ್ತಿರುವ ಬಡ್ಡಿ ಎಷ್ಟು?

ಅವರ ಕೈಗೆ ಬಂದದ್ದು 75,000. ಆ ತಿಂಗಳ ಕಂತು 4,000 ಕಳೆದರೆ 71,000. ಮುಂದಿನ 19 ತಿಂಗಳು ಕಂತು ಕಟ್ಟಬೇಕು. ಹಂಚಿಕೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಲೆಕ್ಕಕ್ಕಾಗಿ ಸರಾಸರಿ 4,500 ಅಂತಿಟ್ಟುಕೊಳ್ಳೋಣ. ಒಟ್ಟು 85,500. "71,000 ತಗೊಂಡು 85,500 ಕಟ್ಟಿದರು, 14,500 ಹೋಯಿತು" ಅಂತ ಅಷ್ಟಕ್ಕೇ ನಿಲ್ಲಿಸುವ ಹಾಗಿಲ್ಲ, ಏಕೆಂದರೆ ಇವತ್ತಿನ ರೂಪಾಯಿಯೂ ಹತ್ತೊಂಬತ್ತು ತಿಂಗಳ ನಂತರದ ರೂಪಾಯಿಯೂ ಒಂದೇ ಅಲ್ಲ. ಯಾವ ಬಡ್ಡಿ ದರ ಹಾಕಿದರೆ ಆ ಹತ್ತೊಂಬತ್ತು ಕಂತುಗಳ ಇವತ್ತಿನ ಬೆಲೆ ಸರಿಯಾಗಿ 71,000 ಆಗುತ್ತದೋ ಅದೇ ನಿಜವಾದ ಬಡ್ಡಿ. ಎಕ್ಸೆಲ್‌ನಲ್ಲಿ ಹಾಕಿ ನೋಡಿ: ತಿಂಗಳಿಗೆ ಸುಮಾರು ಶೇ. 1.9, ವರ್ಷಕ್ಕೆ ಶೇ. 23ರಷ್ಟು. ಊರಿನ ಭಾಷೆಯಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ ಎರಡು ರೂಪಾಯಿ ಬಡ್ಡಿ.

ಇಂಜಿನಿಯರ್ ಇಲ್ಲಿಗೆ ಪೆನ್ನು ಕೆಳಗಿಡುತ್ತಾನೆ. ಅರ್ಥಶಾಸ್ತ್ರದ ತರಗತಿ ಇಲ್ಲಿಂದ ಶುರುವಾಗುತ್ತದೆ. ಇಷ್ಟು ಬಡ್ಡಿ ಕೊಟ್ಟು ಯಾಕೆ ಎತ್ತುತ್ತಾರೆ? ಬ್ಯಾಂಕಿಗೆ ಯಾಕೆ ಹೋಗಲಿಲ್ಲ? ಅಡ ಇಡಲು ಏನೂ ಇಲ್ಲದಿರಬಹುದು, ಸಂಬಳದ ಸ್ಲಿಪ್ ಇಲ್ಲದಿರಬಹುದು. ಇನ್ನೂ ಮುಖ್ಯವಾದ ಪ್ರಶ್ನೆ: ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಬಿಟ್ಟುಕೊಡಲು ಮುಂದೆ ಬರುವವರು ಯಾರು? ಮುಂದೆ ಕಂತು ಕಟ್ಟದೇ ಹೋಗುವ ಸಾಧ್ಯತೆ ಅವರಲ್ಲೇ ಹೆಚ್ಚಿದ್ದರೆ? 1970ರಲ್ಲಿ ಜಾರ್ಜ್ ಅಕರ್ಲಾಫ್ ಹಳೇ ಕಾರಿನ ಮಾರುಕಟ್ಟೆಯನ್ನು ಇಟ್ಟುಕೊಂಡು ಕೇಳಿದ್ದು ಇಂಥದ್ದೇ ಪ್ರಶ್ನೆ: ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಏನಾಗುತ್ತದೆ? 1981ರಲ್ಲಿ ಜೋಸೆಫ್ ಸ್ಟಿಗ್ಲಿಟ್ಸ್ ಮತ್ತು ಆಂಡ್ರ್ಯೂ ವೈಸ್ ಅದನ್ನು ಸಾಲಕ್ಕೆ ಅನ್ವಯಿಸಿದರು. ಬ್ಯಾಂಕು ಬಡ್ಡಿ ಏರಿಸುತ್ತಾ ಹೋದರೆ ಒಳ್ಳೆಯ ಸಾಲಗಾರರು ಹಿಂದೆ ಸರಿದು, ಅಪಾಯದವರೇ ಉಳಿಯಬಹುದು. ಆದ್ದರಿಂದ ಬ್ಯಾಂಕು ಬಡ್ಡಿ ಏರಿಸದೆ ಕೆಲವರಿಗೆ ಸಾಲವನ್ನೇ ಕೊಡುವುದಿಲ್ಲ. ಬ್ಯಾಂಕಿನ ಬಾಗಿಲು ಮುಚ್ಚಿದಾಗ ಆ ಜನ ಎಲ್ಲಿಗೆ ಹೋಗುತ್ತಾರೆ? ಚೀಟಿಗೆ.

ಮೂರನೆಯ ತರಗತಿ ಮಾನವಶಾಸ್ತ್ರದ್ದು. 1962ರಲ್ಲಿ ಕ್ಲಿಫರ್ಡ್ ಗೀರ್ಟ್ಸ್ ಎಂಬ ಮಾನವಶಾಸ್ತ್ರಜ್ಞ ಈ ಥರದ ಸರದಿ ಉಳಿತಾಯದ ಗುಂಪುಗಳ ಬಗ್ಗೆ ಬರೆದ ಲೇಖನ ಇವತ್ತಿಗೂ ಓದಿಗೆ ಕೊಡುತ್ತಾರೆ. ಮೆಕ್ಸಿಕೋದವರು ಇದನ್ನು ತಾಂಡಾ ಅನ್ನುತ್ತಾರೆ, ಘಾನಾದವರು ಸುಸು, ಚೀನಾದವರು ಹುಯಿ. ಒಂದೇ ಮೇಜಿನ ಸುತ್ತ ಕೂತ ಐದು ದೇಶದವರು ತಂತಮ್ಮ ಅಜ್ಜಿಯ ಚೀಟಿ ಕಥೆ ಹೇಳಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ: ಇಲ್ಲಿ ಅಡ ಇಟ್ಟದ್ದು ಆಸ್ತಿಯಲ್ಲ, ಮರ್ಯಾದೆ. ಕಂತು ತಪ್ಪಿಸಿದರೆ ಬೀದಿಯಲ್ಲಿ ತಲೆ ಎತ್ತಿ ಓಡಾಡಲಾಗದು ಅನ್ನುವುದೇ ಭದ್ರತೆ. ಆ ಭದ್ರತೆ ನಮ್ಮ ಸೂತ್ರದಲ್ಲಿ ಎಲ್ಲೂ ಇರಲಿಲ್ಲ. ಆದರೂ ಶೇ. 23 ಎಂಬ ಉತ್ತರಕ್ಕೆ ಅರ್ಥ ಬರುವುದು ಅದರಿಂದಲೇ.

ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯದಲ್ಲಿ ಫೈನಾನ್ಸ್ ಓದುವುದು ಅಂದರೆ ಇದೇ. ಮೂರೂ ಪ್ರಶ್ನೆಗಳು ಬೇರೆ ಬೇರೆ ಕಟ್ಟಡದಲ್ಲಿ ಹುಟ್ಟಿದರೂ ಉತ್ತರ ಬರೆಯಬೇಕಾದದ್ದು ಒಂದೇ ಹಾಳೆಯಲ್ಲಿ.

ಸೇತುವೆಗೂ ಬ್ಯಾಂಕಿಗೂ ವ್ಯತ್ಯಾಸ

ಈಗ ಸ್ವಲ್ಪ ದೊಡ್ಡ ಉದಾಹರಣೆ. 1,000 ಡಾಲರ್ ಮುಖಬೆಲೆಯ ಹತ್ತು ವರ್ಷದ ಬಾಂಡ್. ವರ್ಷಕ್ಕೆ ಶೇ. 2 ಬಡ್ಡಿ, ಅಂದರೆ 20 ಡಾಲರ್ ಕೊಡುತ್ತದೆ. ನೀವು ಕೊಂಡ ಮಾರನೆಯ ದಿನವೇ ಮಾರುಕಟ್ಟೆಯ ಬಡ್ಡಿ ಶೇ. 4ಕ್ಕೆ ಏರಿತು ಅಂತಿಟ್ಟುಕೊಳ್ಳಿ. ಹೊಸ ಬಾಂಡ್ ಕೊಂಡವರಿಗೆ 40 ಡಾಲರ್ ಸಿಗುವಾಗ ನಿಮ್ಮ 20 ಡಾಲರಿನ ಬಾಂಡನ್ನು ಪೂರ್ತಿ ಬೆಲೆಗೆ ಯಾರು ಕೊಳ್ಳುತ್ತಾರೆ? ಶೇ. 4ರ ದರದಲ್ಲಿ ಲೆಕ್ಕ ಹಾಕಿದರೆ ಅದರ ಬೆಲೆ ಸುಮಾರು 838 ಡಾಲರ್. ಹತ್ತು ವರ್ಷ ಕಾದರೆ 1,000 ಪೂರ್ತಿ ಬರುತ್ತದೆ. ಇವತ್ತೇ ಮಾರಬೇಕಾಗಿ ಬಂದರೆ 162 ಡಾಲರ್ ನಷ್ಟ.

2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಕುಸಿದದ್ದರ ಬುಡದಲ್ಲಿ ಇದ್ದದ್ದು ಇದೇ ಲೆಕ್ಕ. ಬಡ್ಡಿ ತೀರಾ ಕಡಿಮೆಯಿದ್ದಾಗ ಬ್ಯಾಂಕು ದೀರ್ಘಾವಧಿಯ ಬಾಂಡುಗಳನ್ನು ಕೊಂಡಿತ್ತು. 2022ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಬಡ್ಡಿಯನ್ನು ವೇಗವಾಗಿ ಏರಿಸಿತು. ಹಣ ಹಿಂತೆಗೆಯುವವರು ಹೆಚ್ಚಾದಾಗ ಬ್ಯಾಂಕು ಸುಮಾರು 21 ಬಿಲಿಯನ್ ಡಾಲರಿನ ಬಾಂಡುಗಳನ್ನು ಮಾರಿ 1.8 ಬಿಲಿಯನ್ ನಷ್ಟ ತೋರಿಸಿತು. ಸುದ್ದಿ ಹೊರಬಿದ್ದ ಮಾರನೆಯ ದಿನ, ಮಾರ್ಚ್ 9ರಂದು, ಗಿರಾಕಿಗಳು ಒಂದೇ ದಿನದಲ್ಲಿ 42 ಬಿಲಿಯನ್ ಡಾಲರ್ ಹಿಂತೆಗೆಯಲು ಮುಂದಾದರು. ಮಾರ್ಚ್ 10ಕ್ಕೆ ಬ್ಯಾಂಕು ಮುಚ್ಚಿತು.

ಇಲ್ಲಿ ಗಮನಿಸಿ. 1.8 ಬಿಲಿಯನ್ ನಷ್ಟವನ್ನು ಸೂತ್ರ ಹೇಳುತ್ತದೆ. 42 ಬಿಲಿಯನ್ ಯಾಕೆ ಹೊರಟಿತು ಅನ್ನುವುದನ್ನು ಆ ಸೂತ್ರ ಹೇಳುವುದಿಲ್ಲ. ಅಲ್ಲಿನ ಬಹುಪಾಲು ಠೇವಣಿ, ಸರ್ಕಾರದ ವಿಮೆ ಸಿಗುವ 2,50,000 ಡಾಲರ್ ಮಿತಿಗಿಂತ ಮೇಲಿನದು. "ಬೇರೆಯವರು ತೆಗೆಯುವ ಮುಂಚೆ ನಾನು ತೆಗೆಯಬೇಕು" ಅಂತ ಒಬ್ಬ ಯೋಚಿಸಿದರೆ, ಅವನ ಮಟ್ಟಿಗೆ ಅದು ಬುದ್ಧಿವಂತಿಕೆಯೇ. ಎಲ್ಲರೂ ಹಾಗೇ ಯೋಚಿಸಿದರೆ ಬ್ಯಾಂಕು ಉಳಿಯುವುದಿಲ್ಲ. 1983ರಲ್ಲಿ ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್‌ವಿಗ್ ಇದನ್ನು ಒಂದು ಪುಟ್ಟ ಮಾದರಿಯಲ್ಲಿ ತೋರಿಸಿದ್ದರು. 2022ರಲ್ಲಿ ಬೆನ್ ಬರ್ನಾಂಕೆ ಜೊತೆ ಅವರಿಗೆ ನೊಬೆಲ್ ಬಂತು. ಆರು ತಿಂಗಳೊಳಗೆ ಅವರ ಪಾಠ ಪತ್ರಿಕೆಯ ಮುಖಪುಟದಲ್ಲಿತ್ತು.

ಸಿವಿಲ್ ಇಂಜಿನಿಯರಿಂಗ್ ಓದಿದವರಿಗೆ ಇದನ್ನು ಹೀಗೆ ಹೇಳಬಹುದು. ಸೇತುವೆ ಬೀಳುತ್ತದೆ ಅಂತ ಊರೆಲ್ಲ ಗಾಳಿಸುದ್ದಿ ಹಬ್ಬಿದರೂ ಸೇತುವೆ ಬೀಳುವುದಿಲ್ಲ. ಅದಕ್ಕೆ ಜನರ ಮಾತು ಕೇಳಿಸುವುದಿಲ್ಲ. ಬ್ಯಾಂಕು ಮಾತ್ರ ಬರೀ ಗಾಳಿಸುದ್ದಿಗೇ ಬೀಳಬಹುದು. ಇಂಜಿನಿಯರಿಂಗ್‌ನಲ್ಲಿ ನಾವು ಅಳೆಯುವ ವಸ್ತು ಸುಮ್ಮನಿರುತ್ತದೆ. ಅರ್ಥಶಾಸ್ತ್ರದಲ್ಲಿ ಅಳೆಸಿಕೊಳ್ಳುವವರು ನಮ್ಮನ್ನೇ ನೋಡುತ್ತಾ, ನಮ್ಮ ಅಳತೆಗೆ ತಕ್ಕ ಹಾಗೆ ನಡತೆ ಬದಲಿಸುತ್ತಿರುತ್ತಾರೆ. ಈ ಒಂದು ವ್ಯತ್ಯಾಸ ಮನಸ್ಸಿಗೆ ಇಳಿದರೆ ಮೊದಲ ಸೆಮಿಸ್ಟರಿನ ಅರ್ಧ ಕಷ್ಟ ಕಳೆದ ಹಾಗೆ.

ಆಗದೇ ಹೋದದ್ದನ್ನು ಅಳೆಯುವುದು

ಎಕನಾಮೆಟ್ರಿಕ್ಸ್ ಪುಸ್ತಕ ತೆರೆದರೆ ನಮಗೆ ಗೊತ್ತಿರುವ ರಿಗ್ರೆಷನ್ನೇ ಕಾಣುತ್ತದೆ. ಮೆಷೀನ್ ಲರ್ನಿಂಗ್ ಕೋರ್ಸ್ ಮಾಡಿದವರು "ಇದು ಬರುತ್ತೆ ಬಿಡಿ" ಅನ್ನುತ್ತಾರೆ. ಆದರೆ ಕೇಳುವ ಪ್ರಶ್ನೆ ಬೇರೆ. ಅಲ್ಲಿ ಕೇಳುವುದು "ಮುಂದೆ ಏನಾಗುತ್ತದೆ?" ಇಲ್ಲಿ ಕೇಳುವುದು "ಇದು ಆಗಿರದಿದ್ದರೆ ಏನಾಗುತ್ತಿತ್ತು?"

ಪ್ರಸಿದ್ಧ ಉದಾಹರಣೆ ನೋಡೋಣ. 1992ರ ಏಪ್ರಿಲ್ 1ರಂದು ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಕೂಲಿ ಏರಿಸಿದರೆ ಕೆಲಸಗಾರರನ್ನು ಕಡಿಮೆ ಮಾಡುತ್ತಾರೆ ಅನ್ನುವುದು ಪುಸ್ತಕದ ಮಾತು. ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ನ್ಯೂಜೆರ್ಸಿ ಮತ್ತು ಪಕ್ಕದ ಪೆನ್ಸಿಲ್ವೇನಿಯಾದ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಏರಿಕೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ವಿಚಾರಿಸಿದರು. ಪೆನ್ಸಿಲ್ವೇನಿಯಾದಲ್ಲಿ ಕೂಲಿ ಏರಿರಲಿಲ್ಲ. 1994ರಲ್ಲಿ ಪ್ರಕಟವಾದ ಫಲಿತಾಂಶ ಇದು: ಪೂರ್ಣಾವಧಿ ಲೆಕ್ಕದಲ್ಲಿ ಒಂದು ಅಂಗಡಿಯ ಸರಾಸರಿ ಕೆಲಸಗಾರರು ನ್ಯೂಜೆರ್ಸಿಯಲ್ಲಿ ಸುಮಾರು 0.6 ಹೆಚ್ಚಾದರು, ಪೆನ್ಸಿಲ್ವೇನಿಯಾದಲ್ಲಿ ಸುಮಾರು 2.2 ಕಡಿಮೆಯಾದರು. ಎರಡರ ಅಂತರ ಸುಮಾರು 2.8. ಲೆಕ್ಕ ಅಂದರೆ ಎರಡು ಕಳೆಯುವ ಲೆಕ್ಕ, ಅಷ್ಟೇ. ಪ್ರೈಮರಿ ಶಾಲೆಯ ಮಗು ಮಾಡುತ್ತದೆ.

ಹಾಗಾದರೆ ಮೂವತ್ತು ವರ್ಷದಿಂದ ಜನ ಅದರ ಮೇಲೆ ವಾದ ಮಾಡುತ್ತಿರುವುದು ಯಾಕೆ? ಆ ಕಳೆಯುವ ಲೆಕ್ಕದ ಹಿಂದೆ ಒಂದು ನಂಬಿಕೆ ಇದೆ: ಕೂಲಿ ಏರದೇ ಇದ್ದಿದ್ದರೆ ನ್ಯೂಜೆರ್ಸಿಯೂ ಪೆನ್ಸಿಲ್ವೇನಿಯಾದ ದಾರಿಯಲ್ಲೇ ಹೋಗುತ್ತಿತ್ತು. ಆ ನ್ಯೂಜೆರ್ಸಿಯನ್ನು ಯಾರೂ ನೋಡಿಲ್ಲ, ನೋಡಲೂ ಆಗುವುದಿಲ್ಲ. ನಂಬಬಹುದಾ ಅನ್ನುವುದನ್ನು ವಾದ ಮಾಡಿ, ಪುರಾವೆ ಕೊಟ್ಟು ಒಪ್ಪಿಸಬೇಕು. 2000ದಲ್ಲಿ ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಸಂಬಳದ ದಾಖಲೆಗಳನ್ನು ಇಟ್ಟುಕೊಂಡು ಬೇರೆ ಉತ್ತರಕ್ಕೆ ಬಂದರು. ಕಾರ್ಡ್ ಮತ್ತು ಕ್ರೂಗರ್ ಅದೇ ವರ್ಷ ಮರುತ್ತರ ಕೊಟ್ಟರು. 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಂತು. ವಾದ ಇನ್ನೂ ಮುಗಿದಿಲ್ಲ. ತರಗತಿಯಲ್ಲಿ ನಮಗೆ ಬರುವ ಕೆಲಸ ಒಂದು ಪಕ್ಷ ಹಿಡಿಯುವುದಲ್ಲ. ಯಾವ ಊಹೆ ಮುರಿದರೆ ಯಾವ ಉತ್ತರ ಬೀಳುತ್ತದೆ ಅಂತ ಮೂರು ಪುಟದಲ್ಲಿ ಬರೆಯುವುದು. ಇಂಟರ್ನಲ್ಸ್‌ನಲ್ಲಿ ಹತ್ತು ಮಾರ್ಕಿಗೆ ಡೆರಿವೇಶನ್ ಬರೆದು ಬಂದವರಿಗೆ ಇದು ಹೊಸ ವ್ಯಾಯಾಮ.

ಮೂಲವನ್ನೇ ಓದಿ, ಲೆಕ್ಕ ತಿರುಗಿ ಹಾಕಿ

ಇಲ್ಲಿನ ಎರಡು ಅಭ್ಯಾಸಗಳನ್ನು ನಾವು ಬಹಳ ಮೆಚ್ಚಿದ್ದೇವೆ.

ಒಂದು, ಮೂಲ ಕೃತಿ ಓದಿಸುವುದು. ಆಡಂ ಸ್ಮಿತ್ ಅಂದ ತಕ್ಷಣ "ಅದೃಶ್ಯ ಹಸ್ತ" ಅಂತ ಪಿಯುಸಿ ಪುಸ್ತಕದಿಂದ ಎಲ್ಲರಿಗೂ ಬಾಯಿಪಾಠ. ಆದರೆ 1776ರ ಅವನ ದೊಡ್ಡ ಗ್ರಂಥದಲ್ಲಿ ಆ ಮಾತು ಬರುವುದು ಒಂದೇ ಒಂದು ಸಲ. ಅವನು ಗ್ಲಾಸ್ಗೋದಲ್ಲಿ ಪಾಠ ಹೇಳುತ್ತಿದ್ದದ್ದು ನೀತಿಶಾಸ್ತ್ರ. 1759ರಲ್ಲೇ, ಒಬ್ಬರ ನೋವು ಇನ್ನೊಬ್ಬರಿಗೆ ಹೇಗೆ ತಟ್ಟುತ್ತದೆ ಅನ್ನುವುದರ ಮೇಲೆ ಒಂದು ಪುಸ್ತಕ ಬರೆದಿದ್ದ. ಎರಡನ್ನೂ ಒಟ್ಟಿಗೆ ಓದಿದವರಿಗೆ, ಮಾರುಕಟ್ಟೆ ನಡೆಯಲು ನಂಬಿಕೆ ಬೇಕು ಅನ್ನುವುದು ಹೊಸ ಸಂಶೋಧನೆಯಾಗಿ ಕಾಣುವುದಿಲ್ಲ.

ಎರಡು, ದೊಡ್ಡವರ ಲೆಕ್ಕವನ್ನು ತಿರುಗಿ ಹಾಕಿಸುವುದು. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಬರೆದ ಒಂದು ಲೇಖನ, ಸರ್ಕಾರದ ಸಾಲ ಜಿಡಿಪಿಯ ಶೇ. 90 ದಾಟಿದ ದೇಶಗಳಲ್ಲಿ ಬೆಳವಣಿಗೆ ಸರಾಸರಿ ಶೇ. -0.1 ಎಂದಿತು. ಹಲವು ದೇಶಗಳಲ್ಲಿ ಖರ್ಚು ಕಡಿತದ ಪರವಾಗಿ ಅದನ್ನು ಎತ್ತಿ ತೋರಿಸಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸಿನ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ತರಗತಿಯ ಹೋಂವರ್ಕ್ ಅಂತ ಅದೇ ಲೆಕ್ಕವನ್ನು ಮತ್ತೆ ಹಾಕಿದ. ಉತ್ತರ ಕೂಡಿಬರಲಿಲ್ಲ. ಲೇಖಕರಿಂದಲೇ ಎಕ್ಸೆಲ್ ಹಾಳೆ ತರಿಸಿ ನೋಡಿದರೆ, ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದವು. ಕೆಲವು ವರ್ಷಗಳ ಅಂಕಿಗಳನ್ನು ಸೇರಿಸದೇ ಇದ್ದದ್ದು, ದೇಶಗಳಿಗೆ ತೂಕ ಕೊಟ್ಟ ರೀತಿ ಇವೂ ಉತ್ತರವನ್ನು ಎಳೆದಿದ್ದವು. 2013ರಲ್ಲಿ ಅವನೂ ಅವನ ಇಬ್ಬರು ಪ್ರಾಧ್ಯಾಪಕರೂ ಸೇರಿ ಬರೆದರು: ಆ ಸರಾಸರಿ ಶೇ. 2.2. ಮೂಲ ಲೇಖಕರು ಎಕ್ಸೆಲ್ ತಪ್ಪನ್ನು ಒಪ್ಪಿಕೊಂಡರು. ಸಾಲ ಹೆಚ್ಚಿದಲ್ಲಿ ಬೆಳವಣಿಗೆ ನಿಧಾನ ಎಂಬ ತಮ್ಮ ಮುಖ್ಯ ಮಾತು ನಿಲ್ಲುತ್ತದೆ ಎಂದರು.

ಎಕ್ಸೆಲ್ ಹಾಳೆಯಲ್ಲಿ ಬಿಟ್ಟುಹೋದ ಸಾಲನ್ನು ಹುಡುಕುವುದು ಇಂಜಿನಿಯರ್ ಬುದ್ಧಿ. ಹುಡುಕಬೇಕು ಅಂತ ಅನ್ನಿಸುವುದು, ಎಷ್ಟೇ ದೊಡ್ಡವರು ಬರೆದಿರಲಿ "ತೋರಿಸಿ ನೋಡೋಣ" ಅನ್ನುವುದು ಈ ಪದ್ಧತಿ ಕಲಿಸುವ ಬುದ್ಧಿ. ಎರಡೂ ಕೂಡಿದರೆ ಮಾತ್ರ ಕೆಲಸ ಆಗುತ್ತದೆ.

ಈಗ ನಮ್ಮದೇ ಲೆಕ್ಕ: ಸಾಲ

ಇಷ್ಟೆಲ್ಲ ಓದಲು ನಮ್ಮಲ್ಲಿ ಬಹುಪಾಲು ಜನ ಸಾಲ ಮಾಡಿಯೇ ಬಂದಿರುತ್ತೇವೆ. ಎಷ್ಟೋ ಮನೆಗಳಲ್ಲಿ ಮನೆ ಪತ್ರವೇ ಬ್ಯಾಂಕಿನಲ್ಲಿರುತ್ತದೆ. ಆದ್ದರಿಂದ ಮೊದಲ ಫೈನಾನ್ಸ್ ಪಾಠ ಇದೇ ಆಗಿರಬೇಕು.

ಉದಾಹರಣೆಗೆ 40 ಲಕ್ಷ ಸಾಲ, ಶೇ. 11 ಬಡ್ಡಿ, ಓದು ಎರಡು ವರ್ಷ, ಆಮೇಲೆ ಹತ್ತು ವರ್ಷ ಕಂತು. ಪೂರ್ತಿ ಸಾಲ ಮೊದಲ ದಿನವೇ ಕೈಗೆ ಬಂತು ಅಂತಿಟ್ಟುಕೊಳ್ಳೋಣ. ಓದುವಾಗ ಸರಳ ಬಡ್ಡಿ ಸೇರುತ್ತಾ ಹೋದರೆ ಎರಡು ವರ್ಷಕ್ಕೆ 8.8 ಲಕ್ಷ. ಅಲ್ಲಿಗೆ ಸಾಲ 48.8 ಲಕ್ಷ, ತಿಂಗಳ ಕಂತು ಸುಮಾರು 67,200. ಹತ್ತು ವರ್ಷದಲ್ಲಿ ಕಟ್ಟುವುದು 80 ಲಕ್ಷಕ್ಕೂ ಮೇಲೆ.

ಓದುವಾಗಲೇ ಮನೆಯವರು ತಿಂಗಳಿಗೆ ಸುಮಾರು 36,700 ಬಡ್ಡಿ ಕಟ್ಟುತ್ತಾ ಬಂದರೆ? ಕಂತು 55,100ಕ್ಕೆ ಇಳಿಯುತ್ತದೆ. ಎಲ್ಲಾ ಕೂಡಿದರೆ 75 ಲಕ್ಷದ ಹತ್ತಿರ. "ಐದೂವರೆ ಲಕ್ಷಕ್ಕೂ ಹೆಚ್ಚು ಉಳಿಯಿತು, ಕಟ್ಟಿಬಿಡಿ" ಅಂತ ಹೇಳುವವರು ಸಿಗುತ್ತಾರೆ.

ತಡೆಯಿರಿ. ಚೀಟಿಯ ಪಾಠ ನೆನಪಿದೆಯಲ್ಲ, ಬೇರೆ ಬೇರೆ ಕಾಲದ ರೂಪಾಯಿಗಳನ್ನು ಹಾಗೇ ಕೂಡಬಾರದು. ಆ 36,700 ಮನೆಯಲ್ಲಿ ಇಲ್ಲದಿದ್ದರೆ ಏನು ಕೆಲಸ ಮಾಡುತ್ತಿತ್ತು? ಬ್ಯಾಂಕಿನ ಎಫ್‌ಡಿಯಲ್ಲಿ ಶೇ. 7ಕ್ಕೆ ಮಲಗಿರುವ ದುಡ್ಡಾದರೆ, ಇವತ್ತಿನ ಬೆಲೆಯಲ್ಲಿ ಲೆಕ್ಕ ಹಾಕಿದಾಗ ಈಗಲೇ ಬಡ್ಡಿ ಕಟ್ಟುವುದರಿಂದ 90 ಸಾವಿರದಷ್ಟು ಲಾಭ. ಐದೂವರೆ ಲಕ್ಷವಲ್ಲ, ಆದರೂ ಲಾಭವೇ. ಅದೇ ಅಪ್ಪ ಅದನ್ನು ಕಟ್ಟಲು ಎರಡು ರೂಪಾಯಿ ಬಡ್ಡಿಗೆ ಕೈಸಾಲ ತರಬೇಕಾದರೆ, ಇಲ್ಲವೇ ಮೊದಲ ತಿಂಗಳೇ ಚೀಟಿ ಎತ್ತಬೇಕಾದರೆ, ಅದು ನಷ್ಟದ ಬಾಬತ್ತು. ಓದುವಾಗ ಸರಳ ಬಡ್ಡಿ ಮಾತ್ರ ಸೇರುವ ಸಾಲವಾದರೆ, ಅಂಥ ಮನೆಯವರು ಸುಮ್ಮನೆ ಬಿಡುವುದೇ ವಾಸಿ. ಸಾಲ ಒಂದೇ, ಸೂತ್ರ ಒಂದೇ. ಉತ್ತರ ಮಾತ್ರ ಮನೆಯ ಪರಿಸ್ಥಿತಿ ನೋಡಿಕೊಂಡು ಬದಲಾಗುತ್ತದೆ. ಒಂದಕ್ಕಾಗಿ ಬಿಟ್ಟುಕೊಟ್ಟ ಇನ್ನೊಂದರ ಬೆಲೆ ಅಂತ ಅರ್ಥಶಾಸ್ತ್ರ ಹೇಳುವುದು ಇದನ್ನೇ.

ಅದೇ ರೀತಿ ಓದಿನ ಖರ್ಚು ಬರೀ ಫೀಸ್ ಅಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ 8 ಲಕ್ಷ ಸಂಬಳ ಇತ್ತು ಅಂದರೆ ಎರಡು ವರ್ಷದ 16 ಲಕ್ಷವನ್ನೂ ಖರ್ಚಿನ ಕಡೆ ಬರೆಯಿರಿ. ಊರಲ್ಲಿದ್ದರೂ ಊಟ, ಬಾಡಿಗೆ ಖರ್ಚಾಗುತ್ತಿತ್ತು; ಅದನ್ನು ಇಲ್ಲಿನ ಖರ್ಚಿನಿಂದ ಕಳೆಯಿರಿ.

ಇನ್ನು ಡಾಲರ್. ಸಾಲ ರೂಪಾಯಿಯಲ್ಲಿ, ಫೀಸ್ ಡಾಲರಿನಲ್ಲಿ. ಎರಡನೇ ವರ್ಷದ ಫೀಸ್ 30,000 ಡಾಲರ್ ಅಂತಿಟ್ಟುಕೊಳ್ಳಿ. ಡಾಲರಿಗೆ 85 ಇದ್ದರೆ 25.5 ಲಕ್ಷ, 88 ಆದರೆ 26.4 ಲಕ್ಷ. ರೂಪಾಯಿ ಇಳಿದರೆ ಓದುವಾಗ ನಿಮಗೆ ನಷ್ಟ. ಆಮೇಲೆ ಇಲ್ಲೇ ಡಾಲರಿನಲ್ಲಿ ದುಡಿದರೆ ಅದೇ ಇಳಿಕೆ ನಿಮಗೆ ಲಾಭ: 67,200ರ ಕಂತಿಗೆ 85ರಲ್ಲಿ ಸುಮಾರು 790 ಡಾಲರ್ ಬೇಕು, 88ರಲ್ಲಿ 764 ಸಾಕು. ಊರಿಗೆ ವಾಪಸು ಹೋಗಿ ರೂಪಾಯಿ ಸಂಬಳದಲ್ಲಿ ತೀರಿಸುವ ಯೋಚನೆ ಇದ್ದರೆ ಈ ಲಾಭವನ್ನು ಲೆಕ್ಕಕ್ಕೆ ತಗೊಳ್ಳಬೇಡಿ.

ಸೇರುವ ಮುಂಚೆ ನೋಡಬೇಕಾದ್ದು

ಮೊದಲನೆಯದಾಗಿ, ಕೋರ್ಸಿನ ಹೆಸರಿಗಿಂತ ನಿಮ್ಮ ಐ-20ಯಲ್ಲಿ ಬರುವ ಕೋರ್ಸಿನ ಸಂಖ್ಯೆ ಮುಖ್ಯ. ನಾವು ಬರೆಯುವ ಹೊತ್ತಿಗಿರುವ ನಿಯಮದಂತೆ ಓದು ಮುಗಿದ ಮೇಲೆ 12 ತಿಂಗಳ ಒಪಿಟಿ ಸಿಗುತ್ತದೆ. ಕೋರ್ಸ್ ಸ್ಟೆಮ್ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಎಕನಾಮೆಟ್ರಿಕ್ಸ್ ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರದ 45.0603 ಆ ಪಟ್ಟಿಯಲ್ಲಿದೆ; ಸಾಮಾನ್ಯ ಅರ್ಥಶಾಸ್ತ್ರದ 45.0601 ಇಲ್ಲ. ಎರಡೂ ಪದವಿಯ ಪತ್ರದಲ್ಲಿ "ಅರ್ಥಶಾಸ್ತ್ರ" ಅಂತಲೇ ಇರಬಹುದು. 40 ಲಕ್ಷ ಸಾಲ ಇರುವವರಿಗೆ ಆ ಎರಡು ವರ್ಷ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಅರ್ಜಿ ಹಾಕುವ ಮುಂಚೆಯೇ ವಿಭಾಗಕ್ಕೆ ಮೇಲ್ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ತಗೊಳ್ಳಿ.

ಎರಡನೆಯದು, ನಿಮಗೆ ಏನು ಬೇಕು ಅಂತ ಸ್ಪಷ್ಟ ಮಾಡಿಕೊಳ್ಳಿ. ಟ್ರೇಡಿಂಗ್, ಡೆರಿವೇಟಿವ್ಸ್ ಬೆಲೆ ಕಟ್ಟುವ ಕೆಲಸವೇ ಬೇಕೆಂದರೆ ಫೈನಾನ್ಷಿಯಲ್ ಇಂಜಿನಿಯರಿಂಗ್ ಕೋರ್ಸ್ ನೇರ ದಾರಿ. ಆಡಿಟ್, ಅಕೌಂಟ್ಸ್ ಬೇಕಾದರೆ ಬಿಸಿನೆಸ್ ಶಾಲೆ. ಸಂಶೋಧನೆ, ನೀತಿ, ರಿಸ್ಕ್, ಆರ್ಥಿಕ ಸಲಹೆ, ಇಲ್ಲವೇ ಮುಂದೆ ಪಿಎಚ್‌ಡಿ ಯೋಚನೆ ಇದ್ದರೆ ಲಿಬರಲ್ ಆರ್ಟ್ಸ್ ಕಡೆಯ ಅರ್ಥಶಾಸ್ತ್ರ ಚೆನ್ನಾಗಿ ಹೊಂದುತ್ತದೆ. ಇಲ್ಲಿ ಕ್ಯಾಂಪಸ್ ಪ್ಲೇಸ್‌ಮೆಂಟ್ ಅಂತ ನಮ್ಮೂರಿನ ಥರ ಕಂಪನಿಗಳು ಸಾಲುಗಟ್ಟಿ ಬಂದು ಹೆಸರು ಕೂಗುವುದಿಲ್ಲ. ಹುಡುಕುವವರು ನೀವೇ.

ಮೂರನೆಯದು, ಬರುವ ಮುಂಚಿನ ಬೇಸಿಗೆಯಲ್ಲಿ ಗಣಿತಕ್ಕಿಂತ ಬರವಣಿಗೆಗೆ ಸಮಯ ಕೊಡಿ. ವಾರಕ್ಕೊಂದು ಅರ್ಥಶಾಸ್ತ್ರದ ಲೇಖನ ಓದಿ. ಲೇಖಕರು ಏನು ಹೇಳಿದರು, ಯಾವ ಊಹೆಯ ಮೇಲೆ ಹೇಳಿದರು, ಅದು ಎಲ್ಲಿ ಮುರಿಯಬಹುದು ಅಂತ ಒಂದು ಪುಟ ಬರೆಯಿರಿ. ಆಮೇಲೆ ಅದನ್ನೇ ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಿ. ಇಂಗ್ಲಿಷ್ ಪಾರಿಭಾಷಿಕ ಪದದ ಹಿಂದೆ ಅಡಗಿಕೊಳ್ಳಲು ಆಗದಿದ್ದಾಗ, ನಮಗೆ ಎಷ್ಟು ಅರ್ಥವಾಗಿದೆ ಅನ್ನುವುದು ನಮಗೇ ಗೊತ್ತಾಗುತ್ತದೆ.

ಅಭ್ಯಾಸಕ್ಕೆ ಮೂರು ಪ್ರಶ್ನೆ

1. ಮೇಲಿನ ಚೀಟಿಯನ್ನು ಕೊನೆಯ ತಿಂಗಳು ಎತ್ತುವವರಿಗೆ ಎಷ್ಟು ಬಡ್ಡಿ ಸಿಗುತ್ತದೆ? ಮೊದಲ ತಿಂಗಳ ಕಂತು 4,000, ಆಮೇಲಿನ 19 ಕಂತು ತಲಾ 4,500, ಕೊನೆಗೆ ಕಮಿಷನ್ ಕಳೆದು ಕೈಗೆ 95,000. ಉತ್ತರ ಬಂದ ಮೇಲೆ ಇನ್ನೊಂದು ಪ್ರಶ್ನೆ: ಮಧ್ಯದಲ್ಲಿ ಯಾರಾದರೂ ಕೈಕೊಟ್ಟರೆ ಈ ಬಡ್ಡಿ ಯಾವುದಕ್ಕೆ ಸಿಕ್ಕ ಪ್ರತಿಫಲ?

2. ಬೆಂಗಳೂರಿನಲ್ಲಿ ಒಂದು ಮೆಟ್ರೋ ನಿಲ್ದಾಣ ಬಂದ ಮೇಲೆ ಅಕ್ಕಪಕ್ಕದ ಬಾಡಿಗೆ ಏರಿತು. ಅಷ್ಟೂ ಏರಿಕೆ ಮೆಟ್ರೋದಿಂದಲೇ ಅಂತ ಹೇಳಲು ಯಾವ ಬಡಾವಣೆಯನ್ನು ಹೋಲಿಕೆಗೆ ಇಟ್ಟುಕೊಳ್ಳುತ್ತೀರಿ? ಯಾಕೆ?

3. ನಿಮ್ಮ ಸ್ವಂತ ಸಾಲದ ಹಾಳೆ ತೆಗೆಯಿರಿ. ಓದುವಾಗ ಸೇರುವುದು ಸರಳ ಬಡ್ಡಿಯೋ ಚಕ್ರಬಡ್ಡಿಯೋ? ದರ ಸ್ಥಿರವೋ, ಬದಲಾಗುವಂಥದ್ದೋ? ಈಗ ಬಡ್ಡಿ ಕಟ್ಟುವುದು ನಿಮ್ಮ ಮನೆಗೆ ಲಾಭವೋ ನಷ್ಟವೋ?

ಮೊದಲ ಎರಡಕ್ಕೆ ಉತ್ತರ ಬಾರದಿದ್ದರೂ ಚಿಂತೆಯಿಲ್ಲ, ಸೆಮಿಸ್ಟರ್ ಇದ್ದೇ ಇದೆ. ಮೂರನೆಯದಕ್ಕೆ ಮಾತ್ರ ಈ ವಾರವೇ ಕೂತು ಉತ್ತರ ಹುಡುಕಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸಂಘದ ಮುಂದಿನ ಕೂಟಕ್ಕೆ ಆ ಹಾಳೆ ಹಿಡಿದುಕೊಂಡು ಬನ್ನಿ. ಊಟಕ್ಕೆ ಮುಂಚೆ ಅರ್ಧ ಗಂಟೆ ಸಾಕು, ಒಟ್ಟಿಗೇ ಕೂತು ಹಾಕೋಣ.